ಓವರ್‌ಲ್ಯಾಂಡ್ ಗಾಡಿಯ ಮೂರನೆಯ ಹೆಸರು

ಆ ಓವರ್‌ಲ್ಯಾಂಡ್ ಮೋಟಾರು ಗಾಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಯಾರು ಕೇಳಿದರೂ ನಾನು ಎಡವದೆ ಹೇಳುತ್ತಿದ್ದೆ. ಇಸಿದೋರ್ ಪೊರ್ಬುಗಳು, ದುಗ್ಗಪ್ಪ ಧನಿಗಳು, ಧನಿಗಳ ಸೋದರಳಿಯ ಜಯ, ಕೂಳೂರಿನ ಜೋನ್. ನಾಲ್ಕು ಹೆಸರು. ಹದಿಮೂರು ವರ್ಷ ಹೀಗೇ ಹೇಳಿದೆ. ಹೇಳಬೇಕಾದದ್ದು ಐದು. ಎರಡನೆಯದರ ನಂತರ ಬರಬೇಕಾದ ಹೆಸರನ್ನು ನಾನು ನುಂಗಿಕೊಂಡಿದ್ದೆ.

ನಲವತ್ತೇಳನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಸಮದ್ ನನ್ನನ್ನು ಹುಡುಕಿಕೊಂಡು ಉರ್ವಕ್ಕೆ ಬಂದ. ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ಉಮರಬ್ಬರ ಮಗ. ಮೂವತ್ತು ವರ್ಷ ಇರಬಹುದು. ನಾನು ಆಗ ಜಗಲಿಯಲ್ಲಿ ಕುಳಿತು ಪಂಪ್ ಸ್ಟವ್ ರಿಪೇರಿ ಮಾಡಿ ಬದುಕುತ್ತಿದ್ದೆ. ಒಂದು ಕಾಲದಲ್ಲಿ ಆ ಗಾಡಿಯ ಡ್ರೈವರ್ ಆಗಿದ್ದವ, ಸ್ಟಿಯರಿಂಗ್ ಮುಟ್ಟದೆ ಒಂಬತ್ತು ವರ್ಷ ಆಗಿತ್ತು.

"ಮುದ್ದಣ್ಣಾ, ಜೋನಣ್ಣನ ಶೆಡ್ಡಿನಲ್ಲಿದ್ದ ಆ ಹಳೇ ಗಾಡಿ ನಾನು ತಗೊಂಡೆ" ಎಂದ.

"ಅದರ ಹೊಟ್ಟೆಯಲ್ಲಿ ಕೋಳಿ ಮರಿ ಮಾಡಿತ್ತಲ್ಲ ಮಾರಾಯಾ!"

"ಕೋಳಿಯನ್ನು ಜೋನಣ್ಣ ಇಟ್ಟುಕೊಂಡ್ರು, ಗಾಡಿ ಮಾತ್ರ ಕೊಟ್ಟದ್ದು" ಎಂದು ನಕ್ಕ. "ಇಂಜಿನ್ ತಿರುಗ್ತದೆ. ಬಂದರಿನಿಂದ ಕೂಳೂರಿನ ದೋಣಿ ಕಡವಿನವರೆಗೆ ಬಾಡಿಗೆ ಓಡಿಸುವ ಅಂತ ಉಂಟು. ಆದರೆ ರಿಜಿಸ್ಟ್ರಿ ಪುಸ್ತಕ ಗೆದ್ದಲು ತಿಂದಿದೆ. ಆಫೀಸಿನ ಗುಮಾಸ್ತ ಹೇಳ್ತಾನೆ, ಮೊದಲಿನಿಂದ ಯಾರ್ಯಾರ ಕೈಯಲ್ಲಿತ್ತು ಪಟ್ಟಿ ಮಾಡು, ಒಬ್ಬೊಬ್ಬರಿಗೆ ಹೇಗೆ ಬಂತು ಬರೆ, ಇದ್ದವರ ರುಜು ಹಾಕಿಸು, ಸತ್ತವರಾದರೆ ಮನೆಯವರದ್ದು, ಒಂದೊಂದು ರುಜುವಿನ ಕೆಳಗೆ ಒಬ್ಬ ಸಾಕ್ಷಿ. ಜೋನಣ್ಣ ಹಾಕಿಕೊಟ್ಟರು. ಅವರ ಹಿಂದಿನದ್ದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಮುದ್ದುವನ್ನು ಕೇಳು, ಆ ಗಾಡಿಯ ಜಾತಕ ಅವನ ಬಾಯಲ್ಲಿ ಉಂಟು ಅಂದ್ರು."

ನಾನು ನಾಲ್ಕು ಹೆಸರು ಹೇಳಿದೆ. ಅವನು ಬರೆದುಕೊಂಡ. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ತಗ್ಗಿದ ಸ್ವರದಲ್ಲಿ ಒಂದು ಮಾತು ಹೇಳಿದ:

"ಇದು ಗುಮಾಸ್ತನಿಗೆ ಮಾತ್ರ ಅಲ್ಲ ಮುದ್ದಣ್ಣಾ. ಬಾಪ ಹೇಳಿದ್ದಾರೆ, ಹಳೇ ಸೊತ್ತು ತಗೊಳ್ಳುವಾಗ ಯಾರದ್ದಾದರೂ ಹಕ್ಕು ಅದರಲ್ಲಿ ಸಿಕ್ಕಿಕೊಂಡಿದೆಯಾ ಅಂತ ನೋಡಿ ತಗೋ, ಇದ್ದರೆ ಆ ಗಾಡಿಯ ಸಂಪಾದನೆಯ ಅನ್ನ ನನಗೆ ಬೇಡ ಅಂತ. ಹಾಗೆ ಎಂತದಾದರೂ ಉಂಟಾ?"

"ಎಂತದ್ದೂ ಇಲ್ಲ" ಎಂದೆ. ಸ್ಟವ್ವಿನ ಬರ್ನರ್ ಕೈಯಲ್ಲಿತ್ತು. ಅದರ ತೂತಿಗೆ ಪಿನ್ನು ಹಾಕಿ ಬಹಳ ಹೊತ್ತು ಚುಚ್ಚುತ್ತಲೇ ಇದ್ದೆ. ತೂತು ಆಗಲೇ ಶುದ್ಧವಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ನಾನೂ ಅವನ ಜೊತೆ ಹೊರಟೆ. ನನ್ನ ಪರಿಚಯ ಇದ್ದರೆ ರುಜು ಸುಲಭ ಆಗುತ್ತದೆ ಎಂದು ಅವನು ಕರೆದ. ಬೇಡವೆನ್ನಲು ಕಾರಣ ಸಿಗಲಿಲ್ಲ. ಇನ್ನೊಂದು ವಿಷಯವೂ ಇತ್ತು. ನಾನು ಜೊತೆಗಿದ್ದರೆ ಮಾತು ಎಲ್ಲಿಗೂ ಜಾರದಂತೆ ನೋಡಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ.

ಮೊದಲು ಇಸಿದೋರ್ ಪೊರ್ಬುಗಳ ಮನೆಗೆ. ಅವರು ಕ್ರಿಸ್ತಾನರು, ಕಾಫಿ ವ್ಯಾಪಾರದವರು, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೆಂಡತಿ ಗೆರ್ಟ್ರೂಡ್ ಬಾಯಿ ಇದ್ದರು. ಇಪ್ಪತ್ತನೆಯ ಇಸವಿಯಲ್ಲಿ ಆ ಗಾಡಿ ಹಡಗಿನಲ್ಲಿ ಬಂದದ್ದು, ಹಡಗು ಅಳಿವೆಯ ಹೊರಗೆ ನಿಂತದ್ದರಿಂದ ಅದನ್ನು ಮಂಜಿ ದೋಣಿಗೆ ಇಳಿಸಿ ಬಂದರಿಗೆ ತಂದದ್ದು, ಬೆಂಗ್ರೆಯ ಜನವೆಲ್ಲ ಮರಳಿನ ಮೇಲೆ ನಿಂತು ನೋಡಿದ್ದು, ಎಲ್ಲ ಅವರಿಗೆ ನೆನಪಿತ್ತು.

"ನಮ್ಮವರು ಅದನ್ನು ಭಾನುವಾರದ ಇಗರ್ಜಿ ಪೂಜೆಗೆ ಬಿಟ್ಟು ಬೇರೆ ಎಲ್ಲಿಗೂ ತೆಗೆಯಲಿಲ್ಲ ಮಾರಾಯಾ. ಧೂಳಾಗ್ತದೆ ಅಂತ! ಗಾಡಿ ಶೆಡ್ಡಿನಲ್ಲಿ, ನಾವು ಜಟಕಾದಲ್ಲಿ" ಎಂದು ನಕ್ಕು, ದುಗ್ಗಪ್ಪ ಧನಿಗಳಿಗೆ ಮಾರಿದ್ದು ಹೌದೆಂದು ರುಜು ಹಾಕಿದರು. ಸಾಕ್ಷಿಗೆ ಪಕ್ಕದ ಮನೆಯವರು ಸಿಕ್ಕಿದರು.

ಅಲ್ಲಿಂದ ತಿರುಗಿ ಉರ್ವಕ್ಕೆ, ಜಯ ಧನಿಯ ಮನೆಗೆ. ನಾನು ಹತ್ತು ವರ್ಷ ದುಗ್ಗಪ್ಪ ಧನಿಗಳಿಗೂ, ಅವರು ಹೋದ ಮೇಲೆ ನಾಲ್ಕು ವರ್ಷ ಈ ಅಳಿಯನಿಗೂ ಗಾಡಿ ಓಡಿಸಿದ ಮನೆ. ಜಯ ಧನಿ ದಪ್ಪವಾಗಿದ್ದರು. ಆರಾಮ ಕುರ್ಚಿಯಲ್ಲಿ ಕುಳಿತೇ ಕಾಗದವನ್ನು ತೊಡೆಯ ಮೇಲಿಟ್ಟು ನೋಡಿದರು.

"ನನಗೆ ಹೇಗೆ ಬಂತು ಅಂತ ಬರೆಯಬೇಕಾ? ಬರೆ, ಅಳಿಯಕಟ್ಟಿನ ಪ್ರಕಾರ ಮಾವನಿಂದ ಬಂತು." ರುಜು ಹಾಕಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ ಸಮದ್‌ನಿಗೆ ಹೇಳಿದರು: "ಸಾಕ್ಷಿಗೆ ಇವನಿಗಿಂತ ಒಳ್ಳೆಯವ ಯಾರುಂಟು? ಇವನೊಬ್ಬ ಅವತ್ತು ಬಾಯಿ ಬಿಡದೆ ನಿಂತದ್ದಕ್ಕೆ ಗಾಡಿ ಇಲ್ಲಿ ಉಳಿಯಿತು. ಇಲ್ಲದಿದ್ದರೆ ಮಾಮಿಯ ಜೊತೆ ಕಾವೂರಿಗೆ ಹೋಗ್ತಿತ್ತು!"

ಹೊಗಳಿದ ಹಾಗೆಯೇ ಹೇಳಿದರು. ನಾನು ಜಯ ಧನಿಯ ಹೆಸರಿನ ಕೆಳಗೆ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದೆ. ಮಿಶನ್ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಕಲಿತ ಅಕ್ಷರ.

ಗೇಟು ದಾಟಿ ಹತ್ತು ಹೆಜ್ಜೆ ಹೋಗಿದ್ದೇವೋ ಇಲ್ಲವೋ, ಸಮದ್ ನಿಂತ.

"ಮುದ್ದಣ್ಣಾ, ಯಾವ ಮಾಮಿ?"

"ದುಗ್ಗಪ್ಪ ಧನಿಗಳ ಹೆಂಡತಿ. ಉಮಾವತಿ ಅಕ್ಕ."

"ಗಾಡಿ ಅವರ ಜೊತೆ ಯಾಕೆ ಹೋಗಬೇಕಿತ್ತು?"

ನಾನು ಮುಂದೆ ಹೆಜ್ಜೆ ಹಾಕಿದೆ. ಅವನು ಒತ್ತಾಯಿಸಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿ, "ನೀವು ಹೇಳದಿದ್ದರೆ ನಾನು ಗಾಡಿಯನ್ನು ಜೋನಣ್ಣನಿಗೆ ವಾಪಸು ಮಾಡ್ತೇನೆ. ಬಾಪನ ಎದುರು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ ಹೇಳಿದ. ಇವನಿಗಿಂತ ಇಪ್ಪತ್ತೈದು ವರ್ಷ ದೊಡ್ಡವ ನಾನು. ಅವನಿಂದ ಆಗದ್ದು ನನ್ನಿಂದ ಆಗಿತ್ತಲ್ಲ ಎಂದು ಅಲ್ಲೇ ಗದ್ದೆಬದುವಿನ ಕಟ್ಟಪುಣಿಯ ಮೇಲೆ ಕುಳಿತುಬಿಟ್ಟೆ. ಆಮೇಲೆ ಎಲ್ಲ ಹೇಳಿದೆ.

ದುಗ್ಗಪ್ಪ ಧನಿಗಳದ್ದು ಅಳಿಯಕಟ್ಟಿನ ಮನೆ. ಯಜಮಾನ ಸತ್ತರೆ ಸೊತ್ತು ಅವನ ಹೆಂಡತಿ ಮಕ್ಕಳಿಗೆ ಅಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿ ತನ್ನ ಮಕ್ಕಳನ್ನು ಕರೆದುಕೊಂಡು ತಾನು ಹುಟ್ಟಿದ ಮನೆಗೆ ಹೋಗಬೇಕು. ಇದು ಎಲ್ಲರಿಗೂ ಗೊತ್ತಿದ್ದ ಕ್ರಮ, ಯಾರೂ ಅದನ್ನು ಅನ್ಯಾಯ ಎನ್ನುತ್ತಿರಲಿಲ್ಲ. ಆದರೆ ಯಜಮಾನ ಬದುಕಿರುವಾಗ ತಾನು ಸಂಪಾದಿಸಿದ್ದನ್ನು ಕೈಯಾರೆ ಕೊಟ್ಟರೆ ಅದು ಕೊಟ್ಟದ್ದೇ. ಧನಿಗಳು ಗಾಡಿಯನ್ನು ತಮ್ಮ ಮರದ ವ್ಯಾಪಾರದ ದುಡ್ಡಿನಿಂದ ತೆಗೆದುಕೊಂಡವರು. ಮೂವತ್ತೆರಡರಲ್ಲಿ ಅವರಿಗೆ ಎದೆನೋವು ಶುರುವಾಯಿತು. ಒಂದು ದಿನ ಬೆಳಿಗ್ಗೆ ನಾನು ಗಾಡಿ ತೊಳೆದು ನಿಲ್ಲಿಸಿದ್ದೆ. ಧನಿಗಳು ಅಂಗಳಕ್ಕೆ ಬಂದರು, ಹಿಂದಿನಿಂದ ಉಮಾವತಿ ಅಕ್ಕ, ಅವರ ಸೆರಗು ಹಿಡಿದು ಮಗಳು ಹೇಮಾಕ್ಷಿ.

"ಮುದ್ದು, ಆ ಹ್ಯಾಂಡಲ್ ಕೊಡು" ಎಂದರು. ಇಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್. ಒರೆಸಿ ಕೊಟ್ಟೆ. ಅವರು ಅದರ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಅಕ್ಕನ ಎರಡೂ ಕೈಗಳ ಮೇಲೆ ಇಟ್ಟರು. ನಮ್ಮಲ್ಲಿ ಹಸು ಕೊಡುವಾಗ ಹೀಗೆಯೇ ಹಗ್ಗ ಕೊಡುವುದು.

"ನಾಳೆ ನಾನು ಇಲ್ಲದಿದ್ದರೆ ಎಲ್ಲ ಅಳಿಯನಿಗೆ. ಇದೊಂದು ನಿನ್ನದು. ನೀನು ತವರಿಗೆ ನಡೆದುಕೊಂಡು ಹೋಗಬಾರದು" ಎಂದರು.

"ಭಾರ ಉಂಟು ಇದು" ಎಂದರು ಅಕ್ಕ.

"ಗಾಡಿ ಅಲ್ವಾ, ಕರು ಅಲ್ಲ" ಎಂದು ಧನಿಗಳು ನಕ್ಕರು. ನಾನೂ ನಕ್ಕೆ. ಹೇಮಾಕ್ಷಿ ಎಲೆ ಎತ್ತಿಕೊಂಡು ಓಡಿದಳು. ಅಷ್ಟೇ. ಹಸು ಕೊಟ್ಟರೆ ಯಾರೂ ಆಫೀಸಿಗೆ ಹೋಗಿ ಬರೆಸುವುದಿಲ್ಲ. ಗಾಡಿಗೆ ಒಂದು ಪುಸ್ತಕ ಉಂಟು, ಅದರಲ್ಲಿ ಹೆಸರು ಬದಲಿಸಬೇಕು ಎಂದು ಧನಿಗಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕೊಟ್ಟಾಯಿತು, ಒಬ್ಬ ನೋಡಿದ್ದಾನೆ, ಮುಗಿಯಿತು.

ಎರಡು ವರ್ಷ ಕಳೆದು ಧನಿಗಳು ತೀರಿಕೊಂಡರು. ಬೊಜ್ಜದ ಉತ್ತರಕ್ರಿಯೆ ಕಳೆದ ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಕುಟುಂಬದವರೆಲ್ಲ ಸೇರಿದರು. ಉಮಾವತಿ ಅಕ್ಕ ಯಾವುದನ್ನೂ ಕೇಳಲಿಲ್ಲ, ಗಾಡಿ ಮಾತ್ರ ತನಗೆ ಕೊಟ್ಟದ್ದು ಎಂದರು. ಕುಟುಂಬದ ಹಿರಿಯರು, ಹಣ್ಣು ಹಣ್ಣು ಮುದುಕರು, "ನೋಡಿದವರು ಯಾರು?" ಎಂದು ಕೇಳಿದರು.

"ಮುದ್ದು ನೋಡಿದ್ದಾನೆ. ಅವನು ಹೇಳಿದ ಹಾಗೆ ಆಗಲಿ. ಅವನು ಇಲ್ಲ ಅಂದರೆ ನನಗೂ ಬೇಡ" ಎಂದರು ಅಕ್ಕ. ಅಷ್ಟು ನಂಬಿಕೆ ಅವರಿಗೆ ನನ್ನ ಮೇಲೆ.

ನನ್ನನ್ನು ಒಳಗೆ ಕರೆದರು. ಅದಕ್ಕೆ ಒಂದು ಗಳಿಗೆ ಮೊದಲು ಜಯ ಧನಿ ನನ್ನನ್ನು ಶೆಡ್ಡಿನ ಹತ್ತಿರ ಕಂಡಿದ್ದರು. ಬೈಯಲಿಲ್ಲ, ಹೆದರಿಸಲಿಲ್ಲ. ಬಾನೆಟ್ಟಿನ ಮೇಲೆ ಕೈ ಆಡಿಸುತ್ತ, "ಕಾವೂರಿನಲ್ಲಿ ಗದ್ದೆಬದಿಯವರೆಗೆ ಮಾತ್ರ ಮಾರ್ಗ. ಗಾಡಿ ಅಲ್ಲಿಗೆ ಹೋದರೆ ಅದಕ್ಕೆ ಡ್ರೈವರ್ ಎಂತಕ್ಕೆ ಮುದ್ದು? ನೀನು ಪುನಃ ಮರ ಹೊರುವುದಾ?" ಎಂದು ಕೇಳಿ ಹೋಗಿದ್ದರು.

ಹೊಟ್ಟೆಗೆ ಇಲ್ಲದೆ ಸುಳ್ಳು ಹೇಳಿದೆ ಎಂದರೆ ಯಾರಾದರೂ ಕ್ಷಮಿಸಿಯಾರು. ನನಗೆ ಹಾಗೆ ಹೇಳುವ ಭಾಗ್ಯವೂ ಇಲ್ಲ. ಡ್ರೈವರ್ ಆಗುವ ಮೊದಲಿನ ಹಾಗೆ ಮರ ಹೊತ್ತರೂ ಅನ್ನ ಸಿಗುತ್ತಿತ್ತು. ನನಗೆ ಬೇಕಾದದ್ದು ಖಾಕಿ ಕೋಟು. ಹಂಪನಕಟ್ಟೆಯ ಪೇಟೆಯಲ್ಲಿ ಹಾರ್ನ್ ಹೊಡೆದಾಗ ಜಟಕಾದವರು ಬದಿಗೆ ಸರಿದು 'ಡ್ರೈವರ್ ಮುದ್ದು' ಎನ್ನುವುದು ಕೇಳಬೇಕಿತ್ತು. ಅಷ್ಟಕ್ಕೇ.

ಚಾವಡಿಯಲ್ಲಿ ಮನೆಯ ದೈವದ ಉಯ್ಯಾಲೆ ಮಂಚ ಇತ್ತು, ದೀಪ ಹಚ್ಚಿದ್ದರು. ಹಿರಿಯರು ಕೇಳಿದರು:

"ಮುದ್ದು, ದೈವದ ಎದುರು ಹೇಳು. ದುಗ್ಗಪ್ಪ ಗಾಡಿಯನ್ನು ಹೆಂಡತಿಗೆ ಕೊಟ್ಟದ್ದುಂಟಾ?"

"ಪುಸ್ತಕದಲ್ಲಿ ಧನಿಗಳ ಹೆಸರೇ ಉಂಟು" ಎಂದೆ.

"ಪುಸ್ತಕ ಕೇಳಲಿಲ್ಲ ಮಾರಾಯಾ. ನೀನು ಕಣ್ಣಿನಲ್ಲಿ ನೋಡಿದ್ದೀಯಾ?"

ಅಕ್ಕ ಕಂಬದ ಹತ್ತಿರ ನಿಂತಿದ್ದರು. ನಾನು ಆ ಕಡೆ ನೋಡಲಿಲ್ಲ.

"ನಾನು ನೋಡಲಿಲ್ಲ" ಎಂದೆ.

ಅಕ್ಕ ಅಳಲಿಲ್ಲ, ಹೀಗೆ ಯಾಕೆ ಹೇಳಿದೆ ಎಂದು ಕೇಳಲಿಲ್ಲ. ಆ ದಿನವೇ ಜಯ ಧನಿ, "ಮಾಮಿಯನ್ನು ಗಾಡಿಯಲ್ಲೇ ಬಿಟ್ಟು ಬಾ, ಜನ ನಾಳೆ ಮಾತಾಡಬಾರದು" ಎಂದರು. ಹಿಂದಿನ ಸೀಟಿನಲ್ಲಿ ಅಕ್ಕ, ಹೇಮಾಕ್ಷಿ, ಒಂದು ತಗಡಿನ ಪೆಟ್ಟಿಗೆ. ಅವರದ್ದೇ ಗಾಡಿಯಲ್ಲಿ ಅವರನ್ನು ಬಾಡಿಗೆಯವರ ಹಾಗೆ ಕೂರಿಸಿ ಕರೆದುಕೊಂಡು ಹೋದೆ. ಕಾವೂರಿನಲ್ಲಿ ಗದ್ದೆಬದಿಯಲ್ಲಿ ನಿಲ್ಲಿಸಿದೆ. ಇಂಜಿನ್ ಆರಿಸಲಿಲ್ಲ. ಆರಿಸಿದರೆ ಇಳಿಯಬೇಕು, ಇಳಿದರೆ ಪೆಟ್ಟಿಗೆ ಹೊರಬೇಕು, ಹೊತ್ತರೆ ಮನೆಯ ಮೆಟ್ಟಲಿನವರೆಗೆ ಅವರ ಹಿಂದೆ ನಡೆಯಬೇಕು. ಅವರೇ ಪೆಟ್ಟಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಕಟ್ಟಪುಣಿಯಲ್ಲಿ ಹೋದರು.

ಇಷ್ಟಾಗಿ ನಾಲ್ಕೇ ವರ್ಷ. ಮೂವತ್ತೆಂಟರಲ್ಲಿ ಜಯ ಧನಿ ಹೊಸ ಗಾಡಿ ತೆಗೆದುಕೊಂಡರು, ಅದರ ಜೊತೆ ಹೊಸ ಡ್ರೈವರನನ್ನೂ. ಓವರ್‌ಲ್ಯಾಂಡನ್ನು ಜೋನ್‌ಗೆ ಮಾರಿದರು. ಜೋನ್ ತಾನೇ ಓಡಿಸುವವ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಅವನೂ ಅದನ್ನು ಶೆಡ್ಡಿಗೆ ನೂಕಿದ.

ಸಮದ್ ಪೂರ್ತಿ ಕೇಳಿದ. ನಡುವೆ ಒಮ್ಮೆಯೂ "ಛೆ" ಎನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

"ಅವರು ಇದ್ದಾರಾ?"

"ಇದ್ದಾರೆ. ಕಾವೂರಿನಲ್ಲೇ."

"ಹಾಗಾದರೆ ಹೋಗುವ."

"ನೀನು ಹೋಗು ಮಗಾ. ಮನೆ ತೋರಿಸ್ತೇನೆ, ನಾನು ಗದ್ದೆಬದಿಯಲ್ಲಿ ನಿಲ್ತೇನೆ."

"ಅಲ್ಲಿ ಒಮ್ಮೆ ನಿಂತಾಯ್ತಲ್ಲ ಮುದ್ದಣ್ಣಾ" ಎಂದ.

ನಾನು ಎದ್ದೆ. ಬಿಸಿಲಿನಲ್ಲಿ ನಡೆದು ಮಧ್ಯಾಹ್ನ ಕಳೆದು ಕಾವೂರು ಮುಟ್ಟಿದೆವು. ಉಮಾವತಿ ಅಕ್ಕ ಅಂಗಳದಲ್ಲಿ ಹುಣಿಸೆಹುಳಿ ಒಣಗಲು ಹಾಕಿ ಕಾಗೆ ಓಡಿಸುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು.

"ಮುದ್ದುವಾ? ಬಾ, ಮೇಲೆ ಬಾ. ಕುಂಟುವುದು ಯಾಕೆ?"

"ಮೊಣಕಾಲು ನೋವು ಅಕ್ಕಾ."

"ಎಣ್ಣೆ ಹಚ್ಚು ಮಾರಾಯಾ. ಈ ಪ್ರಾಯದಲ್ಲಿ ಬಿಸಿಲಿಗೆ ನಡೆಯುವುದಾ?" ಒಳಗೆ ಹೋಗಿ ಇಬ್ಬರಿಗೂ ಬೆಲ್ಲ ನೀರು ತಂದಿಟ್ಟರು. ಸಮದ್‌ನಿಗೆ ಕೊಟ್ಟ ಹಾಗೆಯೇ ನನಗೂ. ಹೇಮಾಕ್ಷಿಗೆ ಮದುವೆಯಾಗಿದೆ, ಇಬ್ಬರು ಮಕ್ಕಳು ಎಂದರು. ನಾನು ನೀರು ಕುಡಿದೆ, ಬೆಲ್ಲ ಹಾಗೇ ಕೈಯಲ್ಲಿ ಉಳಿಯಿತು.

ಸಮದ್ ಯಾವುದನ್ನೂ ಮುಚ್ಚದೆ ಬಂದ ಕಾರಣ ಹೇಳಿದ. ಕೊನೆಗೆ, "ಅಕ್ಕಾ, ಗಾಡಿ ನಿಮ್ಮದು ಅಂತ ಇವತ್ತು ಗೊತ್ತಾಯ್ತು. ನೀವು ಹೇಳಿದರೆ ತಂದು ಇಲ್ಲೇ ಬಿಡ್ತೇನೆ" ಎಂದ.

"ಎಂತಕ್ಕೆ? ಕೋಳಿ ಸಾಕ್ಲಿಕ್ಕಾ?" ಎಂದು ಅವರು ನಕ್ಕರು. ಗಾಡಿಯಲ್ಲಿ ಮೊದಲೇ ಕೋಳಿ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಸಮದ್‌ನಿಗೂ ನಗು ಬಂತು. "ನೀನು ಓಡಿಸು ಮಗಾ. ನನ್ನ ಒಪ್ಪಿಗೆ ಉಂಟು, ನಿನ್ನ ಬಾಪನಿಗೂ ಹೇಳು. ಆದರೆ ಹೆಸರು ಬರೆ. ಅವರು ಕೊಟ್ಟದ್ದು ಸುಳ್ಳಾಗಬಾರದು. ಅವರ ಹೆಸರಿನ ಕೆಳಗೆ, ಜಯನ ಹೆಸರಿನ ಮೇಲೆ."

ಸಮದ್ ಎರಡು ಸಾಲಿನ ಸಂದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: ಉಮಾವತಿ, ಗಂಡ ಕೈಯಾರೆ ಕೊಟ್ಟದ್ದು. ಬರೆದವನು ಕೆಳಗಿನ ಸಾಲು ನೋಡಿ ನಿಂತ.

"ಜಯ ಧನಿಗೆ ಮಾವನಿಂದ ಬಂತು ಅಂತ ಉಂಟು. ಅದು ಈಗ ತಪ್ಪಾಯ್ತು. ನಿಮ್ಮಿಂದ ಅವರಿಗೆ ಹೇಗೆ ಹೋಯ್ತು ಅಂತ ಬರೆಯಬೇಕು. ಮಾರಿದ್ದಾ, ಕೊಟ್ಟದ್ದಾ?"

"ಮಾರಲೂ ಇಲ್ಲ, ಕೊಡಲೂ ಇಲ್ಲ" ಎಂದರು ಅಕ್ಕ. "ಹೇಗೆ ಹೋಯ್ತು ಅಂತ ಮುದ್ದು ಹೇಳಲಿ."

ಅವರ ಸ್ವರದಲ್ಲಿ ಯಾವ ಮೊನೆಯೂ ಇರಲಿಲ್ಲ. ಒಂದು ಕಾಗೆ ಹುಣಿಸೆಯ ಮೇಲೆ ಇಳಿಯಿತು. ಅವರು ಕೈಬೀಸಲಿಲ್ಲ, ಕಾದು ನಿಂತರು.

"ನಾನು ಸುಳ್ಳು ಹೇಳಿದ್ದರಿಂದ ಹೋಯಿತು" ಎಂದೆ. "ನೋಡಿದ್ದೆ. ನೋಡಲಿಲ್ಲ ಎಂದೆ. ಕೋಟಿನ ಆಸೆಗೆ. ಹಾಗೆಯೇ ಬರೆ ಸಮದ್."

ಅವನು ಹಾಗೆ ಬರೆಯಲಿಲ್ಲ. ಜಯ ಧನಿಯ ಸಾಲಿನಲ್ಲಿದ್ದ 'ಮಾವನಿಂದ' ಎನ್ನುವುದನ್ನು ಹೊಡೆದು ಹಾಕಿ, 'ಸಾಕ್ಷಿಯ ತಪ್ಪಿನಿಂದ' ಎಂದು ಬರೆದು, ಗಟ್ಟಿಯಾಗಿ ಓದಿ ಹೇಳಿದ. ಆ ಸಾಲಿನ ಕೆಳಗೆ ಸಾಕ್ಷಿ ಎಂದು ನನ್ನ ಹೆಸರೇ ಇತ್ತು. ಬೆಳಿಗ್ಗೆಯಷ್ಟೇ ಹಾಕಿದ್ದು, ಶಾಯಿ ಇನ್ನೂ ನೀಲಿಯಾಗಿಯೇ ಇತ್ತು, ಕಪ್ಪಾಗಿರಲಿಲ್ಲ.

ಅಕ್ಕ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅವರು ಓದಬಲ್ಲವರು. ತಮ್ಮ ಹೆಸರಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟರು. ಆಮೇಲೆ ರುಜು ಹಾಕಿದರು.

"ಇದಕ್ಕೊಂದು ಸಾಕ್ಷಿ ಬೇಕು" ಎಂದ ಸಮದ್. ನನ್ನ ಕಡೆ ಪೆನ್ನು ಚಾಚಿದ. ಪಾಪ, ನನಗೆ ಒಳ್ಳೆಯದಾಗಲಿ ಎಂದೇ ಚಾಚಿದ್ದು. ನಾನು ಕೈ ಪಂಚೆಗೆ ಒರೆಸಿಕೊಂಡು ಮುಂದೆ ಬಂದೆ. ಹದಿಮೂರು ವರ್ಷದ ಮೇಲೆ ಹೇಳಬೇಕಾದ ಕಡೆ ಹೇಳುತ್ತಿದ್ದೇನೆ ಎಂದು ಒಂದು ಗಳಿಗೆ ಎದೆ ಹಗುರವಾದದ್ದು ಸುಳ್ಳಲ್ಲ.

"ಮುದ್ದು ಬೇಡ" ಎಂದರು ಉಮಾವತಿ ಅಕ್ಕ. "ಸಾಕ್ಷಿ ನಿಲ್ಲುವುದು ಅವನಿಗೆ ಕಷ್ಟ ಆಗ್ತದೆ."

ನನ್ನ ಮೊಣಕಾಲಿನ ಬಗ್ಗೆ ಕೇಳಿದ ಅದೇ ಸ್ವರ. ಗದ್ದೆಯ ಕಡೆ ತಿರುಗಿ, "ದೇಯೀ, ಒಮ್ಮೆ ಬಾ ಇಲ್ಲಿಗೆ" ಎಂದು ಕರೆದರು.

ಗದ್ದೆಯಲ್ಲಿ ಬಸಳೆ ಸಾಲಿಗೆ ನೀರು ಬಿಡುತ್ತಿದ್ದ ಹೆಂಗಸು ಬಂದಳು. ಎಂತ ಕಾಗದ, ಯಾವ ಗಾಡಿ, ಅವಳಿಗೆ ಗೊತ್ತಿರಲಿಲ್ಲ. ಅಕ್ಕ ನಾಲ್ಕು ಮಾತಿನಲ್ಲಿ ಹೇಳಿದರು. "ನೀನು ಕಣ್ಣಾರೆ ನೋಡಿದ್ದು ನಾನು ರುಜು ಹಾಕಿದ್ದಷ್ಟೇ. ಅಷ್ಟಕ್ಕೆ ಸಾಕ್ಷಿ" ಎಂದು ತಾವು ಮೊದಲು ಹಾಕಿದ ರುಜುವಿನ ಪಕ್ಕದಲ್ಲೇ, ಅವಳು ನೋಡುತ್ತಿರುವಾಗ, ಇನ್ನೊಮ್ಮೆ ರುಜು ಹಾಕಿದರು. ದೇಯಿ ಮಣ್ಣಿನ ಕೈ ತೊಳೆದು ಬಂದು ಹೆಬ್ಬೆಟ್ಟು ಒತ್ತಿದಳು. ನಾನು ಜಗಲಿಯಿಂದ ಇಳಿದು ಅವಳಿಗೆ ಜಾಗ ಬಿಟ್ಟುಕೊಟ್ಟೆ.